ಚೀಟಿಯ ನ್ಯಾಯವೂ ಸ್ನೇಹದ ಋಣವೂ

ಐವರು ಗೆಳೆಯರು ಕೂಡಿ ಒಂದು ಪೋಕರ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾರೆ. ಪಂದ್ಯಕ್ಕೆ ಬಂದವರು ಒಟ್ಟು ತೊಂಬತ್ತು ಜನ, ಮೇಜುಗಳು ಹತ್ತು, ಒಂದೊಂದು ಮೇಜಿಗೆ ಒಂಬತ್ತು ಆಸನ. ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡುವರು. ಚೀಟಿ ಬಿಚ್ಚುವ ಮುನ್ನ ಗೆಳೆಯರಲ್ಲಿ ಒಬ್ಬನು, "ನಾವಿಬ್ಬರು ಒಂದೇ ಮೇಜಿಗೆ ಬೀಳದಿದ್ದರೆ ಸಾಕಪ್ಪ" ಎನ್ನುವನು. ಇನ್ನೊಬ್ಬನು, "ಬಿದ್ದರೇನಂತೆ? ಹೊತ್ತು ಹೋಗುತ್ತದೆ" ಎಂದು ನಗುವನು. ಈ ಎರಡು ಮಾತುಗಳ ನಡುವೆ ಎರಡು ಪ್ರಶ್ನೆಗಳು ಅಡಗಿವೆ. ಹಾಗೆ ಬೀಳುವ ಸಂಭವವೆಷ್ಟು ಎಂಬುದು ಒಂದು. ಬಿದ್ದರೆ ಮಾಡತಕ್ಕದ್ದೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಶಾಲೆಯಲ್ಲಿ ಕಲಿತ ಭಿನ್ನರಾಶಿಯ ಲೆಕ್ಕವೇ ಸಾಕು. ಎರಡನೆಯದಕ್ಕೆ ಅದು ಸಾಲದು; ಆದರೆ ಅದನ್ನು ಬಿಟ್ಟು ಉತ್ತರ ಹೇಳಹೊರಟರೆ ಮಾತು ದಾರಿತಪ್ಪುವುದು.

ಜೂಜಿನ ಸುದ್ದಿ ಬಂದೊಡನೆ ಮುಖ ತಿರುಗಿಸುವ ಸಜ್ಜನರುಂಟು. ಅವರ ಜುಗುಪ್ಸೆಗೆ ಕಾರಣವಿಲ್ಲದೆ ಇಲ್ಲ. ಋಗ್ವೇದದ ಕಾಲದಿಂದಲೇ ಜೂಜುಗಾರನ ಮನೆಯ ಗೋಳು ನಮ್ಮ ದೇಶದಲ್ಲಿ ಪ್ರಸಿದ್ಧವಾಗಿದೆ. ಪಣವೊಡ್ಡುವುದು ಸರಿಯೋ ತಪ್ಪೋ ಎಂಬ ವಿಚಾರ ಬೇರೆಯೇ ಆದದ್ದು. ಅದನ್ನು ಇಲ್ಲಿ ಎತ್ತಿಕೊಂಡರೆ ಪ್ರಸ್ತುತ ವಿಷಯ ಹಿಂದೆ ಬೀಳುವುದು. ಆದರೂ ಒಂದು ಸಂಗತಿಯನ್ನು ಮರೆಯಲಾಗದು. ಸಂಭವಗಣಿತವೆಂಬ ಶಾಸ್ತ್ರ ಹುಟ್ಟಿದ್ದೇ ಆಟದ ಮಣೆಯ ಬಳಿ. ೧೬೫೪ರಲ್ಲಿ ಫ್ರಾನ್ಸ್ ದೇಶದ ಪಾಸ್ಕಲನೂ ಫರ್ಮಾನೂ ಪರಸ್ಪರ ಬರೆದುಕೊಂಡ ಕಾಗದಗಳಲ್ಲಿ ಮುಖ್ಯವಾಗಿ ಚರ್ಚಿತವಾದ ಪ್ರಶ್ನೆ, ಇಬ್ಬರ ಆಟ ನಡುವೆಯೇ ನಿಂತುಹೋದರೆ ಪಣವನ್ನು ಹೇಗೆ ಹಂಚಬೇಕು ಎಂಬುದು. ಇದು ಲೆಕ್ಕದ ಪ್ರಶ್ನೆಯೆಂದು ಗ್ರಂಥಗಳು ಹೇಳುವುವು. ನಿಜವಾಗಿ ನೋಡಿದರೆ ನ್ಯಾಯದ ಪ್ರಶ್ನೆ. ಯಾರಿಗೆ ಎಷ್ಟು ಸಲ್ಲತಕ್ಕದ್ದು ಎಂದು ಕೇಳಿದುದರಿಂದ ಆ ಗಣಿತ ಹೊರಟಿತು. ಅವರಿಗಿಂತ ಹಿಂದೆ ಇಟಲಿಯ ಕಾರ್ಡಾನೋ ಎಂಬ ವೈದ್ಯನು, ಸ್ವತಃ ಜೂಜಿನ ಚಟಕ್ಕೆ ಸಿಕ್ಕಿ ನಲುಗಿದವನು, ದಾಳಗಳ ಆಟದ ಮೇಲೆ ಒಂದು ಪುಸ್ತಕ ಬರೆದಿಟ್ಟಿದ್ದನು. ಅವನು ಸತ್ತ ಬಹುಕಾಲದ ಮೇಲೆ, ೧೬೬೩ರಲ್ಲಿ, ಅದು ಅಚ್ಚಾಯಿತು. ಆಟಕ್ಕೆ ಮೂಲಾಧಾರ ಸಮಸ್ಥಿತಿ ಎಂಬುದು ಅವನ ಸಿದ್ಧಾಂತ. ದಾಳ ಸಮವಾಗಿದ್ದರೆ ಸಾಲದು, ಎದುರಾಳಿ ಸಮ, ಹಣ ಸಮ, ಸುತ್ತ ನಿಂತು ನೋಡುವವರೂ ಸಮ ಎಂಬಂತಿರಬೇಕು. ನೋಡುವವರನ್ನು ಕೂಡ ಲೆಕ್ಕಕ್ಕೆ ತಂದನೆಂದರೆ, ಮೇಜಿನ ಸುತ್ತ ಕುಳಿತವರ ಸ್ನೇಹದ್ವೇಷಗಳನ್ನು ಅವನು ಕಂಡುಣ್ಡವನೇ ಇರಬೇಕು.

ನಮ್ಮವರಿಗೂ ಈ ದಾರಿ ಹೊಸತಲ್ಲ. ಋತುಪರ್ಣನು ರಥದಲ್ಲಿ ಹೋಗುತ್ತ ತಾರೆಯ ಮರದ ಎರಡು ಕೊಂಬೆಗಳಲ್ಲಿರುವ ಎಲೆಯನ್ನೂ ಕಾಯನ್ನೂ ಕಣ್ಣಳತೆಯಿಂದ ಹೇಳಿದುದು, ಬಾಹುಕನಾಗಿದ್ದ ನಳನು ಇಳಿದು ಎಣಿಸಿ ಬೆರಗಾದುದು, ಆ ಮೇಲೆ ಅಶ್ವಹೃದಯಕ್ಕೆ ಅಕ್ಷಹೃದಯದ ವಿನಿಮಯವಾದುದು, ಇವು ಭಾರತದ ಅರಣ್ಯಪರ್ವದಲ್ಲಿ ಬಂದು, ಕನಕದಾಸರ ನಳಚರಿತ್ರೆಯ ಮೂಲಕ ಕನ್ನಡದ ಮನೆಮನೆಗೆ ಪರಿಚಿತವಾಗಿವೆ. ದಾಳದ ಗುಟ್ಟನ್ನೂ ಎಣಿಕೆಯ ಗುಟ್ಟನ್ನೂ ಒಂದೇ ವಿದ್ಯೆಯ ಎರಡು ಮುಖಗಳೆಂದು ಆ ಕಥೆ ಹೇಳುವುದು.

ಇನ್ನು ಲೆಕ್ಕ. ತೊಂಬತ್ತು ಮಂದಿಯಲ್ಲಿ ಒಬ್ಬ ಗೆಳೆಯನು ಎಲ್ಲಾದರೂ ಕುಳಿತಿರಲಿ. ಉಳಿದ ಆಸನಗಳು ಎಂಬತ್ತೊಂಬತ್ತು. ಅವನ ಮೇಜಿನಲ್ಲಿ ಖಾಲಿಯಿರುವುವು ಎಂಟು. ಆದುದರಿಂದ ಗೊತ್ತಾದ ಇನ್ನೊಬ್ಬ ಗೆಳೆಯನು ಅದೇ ಮೇಜಿಗೆ ಬರುವ ಸಂಭವ ೮೯ರಲ್ಲಿ ೮, ಅಂದರೆ ಹನ್ನೊಂದಕ್ಕೆ ಒಂದರಷ್ಟು. ಗೊತ್ತಾದ ಮೂವರು ಒಂದೇ ಮೇಜಿಗೆ ಬರುವುದು ನೂರನಲವತ್ತಕ್ಕೆ ಒಂದು ಸಲ. ಇಷ್ಟನ್ನು ಕೇಳಿದವರು ಇದು ಅಪರೂಪದ ಸಂಗತಿಯೆಂದು ನೆಮ್ಮದಿಯಾಗಿರುವರು. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ಐವರಲ್ಲಿ ಯಾರಾದರೂ ಇಬ್ಬರು ಜೊತೆಯಾಗುವ ಸಂಭವವೆಷ್ಟು ಎಂದು ಕೇಳಿದರೆ ಉತ್ತರ ಬೇರೆಯಾಗುವುದು. ಐವರಲ್ಲಿ ಜೋಡಿಗಳು ಹತ್ತು. ಐವರೂ ಬೇರೆಬೇರೆ ಮೇಜುಗಳಿಗೆ ಚದುರಿಹೋಗುವ ಸಂಭವವನ್ನು ಒಬ್ಬೊಬ್ಬರಾಗಿ ಕೂರಿಸುತ್ತ ಗುಣಿಸಿದರೆ ನೂರಕ್ಕೆ ಮೂವತ್ತನಾಲ್ಕು ಮಾತ್ರ ಬರುವುದು. ಉಳಿದ ಅರುವತ್ತಾರು ಪಾಲು, ಎಲ್ಲಿಯೋ ಒಂದು ಮೇಜಿನಲ್ಲಿ ಇಬ್ಬರಾದರೂ ಎದುರುಬದುರಾಗುವುದು. ಮೂವರೇ ಬಂದಿದ್ದರೆ ನಾಲ್ಕಕ್ಕೆ ಒಂದು; ನಾಲ್ವರಾದರೆ ಹೆಚ್ಚುಕಡಿಮೆ ಅರೆವಾಸಿ; ಐವರಾದರೆ ಮೂರರಲ್ಲಿ ಎರಡು.

ಈ ಅಂಕಿಗಳಿಂದ ನೀತಿಯ ಒಂದು ಉಪಕಾರವೂ ಉಂಟು. ಇಬ್ಬರು ಗೆಳೆಯರು ಒಂದೇ ಮೇಜಿನಲ್ಲಿ ಕಂಡೊಡನೆ, ಚೀಟಿ ಹಂಚಿದ ಗುಮಾಸ್ತನ ಮೇಲೆ ಕಣ್ಣು ಹಾಯಿಸುವವರಿಗೆ ಎಲ್ಲಿಯೂ ಕೊರತೆಯಿಲ್ಲ. "ತೊಂಬತ್ತು ಜನರಲ್ಲಿ ಇವರಿಬ್ಬರೇ ಜೊತೆಯಾಗಬೇಕೆ?" ಎಂದು ಕೇಳುವರು. ಇವರಿಬ್ಬರೇ ಆಗಬೇಕೆಂದು ಚೀಟಿಗೆ ಹಟವೇನೂ ಇರಲಿಲ್ಲ. ಐವರಲ್ಲಿ ಯಾವ ಇಬ್ಬರಾದರೂ ಅದೇ ಮಾತು ಹುಟ್ಟುತ್ತಿತ್ತು. ಗೆಳೆಯರು ಚದುರಿಹೋದ ದಿನಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಜೋಡಿಗಳನ್ನು ಎಣಿಸದೆ ಬಾಯಿ ಬಿಡುವವನು ಬಡ ಗುಮಾಸ್ತನಿಗೆ ಮಾಡುವ ಅನ್ಯಾಯ, ಗುಮಾಸ್ತನು ಮಾಡಿರಬಹುದಾದ ಅನ್ಯಾಯಕ್ಕಿಂತ ಕಡಮೆಯದಲ್ಲ.

ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ೧೯೭೦ರಲ್ಲಿ ಬೆರಳೆಣಿಕೆಯ ಆಟಗಾರರೊಡನೆ ಮೊದಲಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಪಂದ್ಯದಲ್ಲಿ ಈ ಲೆಕ್ಕದ ಇನ್ನೊಂದು ಕೊನೆಯನ್ನು ಕಾಣಬಹುದು. ಹತ್ತು ಸಾವಿರ ಡಾಲರು ಪ್ರವೇಶಧನವುಳ್ಳ ಅಲ್ಲಿಯ ಮುಖ್ಯ ಪಂದ್ಯಕ್ಕೆ ೨೦೦೩ರಲ್ಲಿ ೮೩೯ ಮಂದಿ ಸೇರಿದ್ದರು. ೨೦೨೩ರಲ್ಲಿ ೧೦,೦೪೩ ಮಂದಿ. ಇಷ್ಟು ಜನಜಾತ್ರೆಯಲ್ಲಿ ಎಲ್ಲರ ಚೀಟಿಗಳನ್ನೂ ಒಂದೇ ಗಡಿಗೆಗೆ ಹಾಕಿ ಕುಲುಕಿದರೆ, ಒಂಬತ್ತು ಜನರ ಮೇಜಿನಲ್ಲಿ ಗೊತ್ತಾದ ಇಬ್ಬರು ಜೊತೆಯಾಗುವ ಸಂಭವ ಸುಮಾರು ೧,೨೫೫ಕ್ಕೆ ಒಂದು. ಇಪ್ಪತ್ತು ಮಂದಿಯ ಗೆಳೆಯರ ಗುಂಪು ಹೋದರೂ, ಅವರಲ್ಲಿ ಜೋಡಿಗಳು ನೂರತೊಂಬತ್ತಿದ್ದರೂ, ಯಾರಾದರೂ ಇಬ್ಬರು ಕೂಡುವುದು ಏಳಕ್ಕೆ ಒಂದು ಸಲ. ಆದರೆ ಗಡಿಗೆ ಒಂದೇ ಅಲ್ಲ. ಆರಂಭದ ಆಟ ಹಲವು ದಿನಗಳಲ್ಲಿ ನಡೆಯುವುದು. ಗೆಳೆಯರು ಸಹಜವಾಗಿ ಒಂದೇ ದಿನವನ್ನು ಆರಿಸಿಕೊಳ್ಳುವರು. ಆ ದಿನ ಎರಡೂವರೆ ಸಾವಿರ ಮಂದಿಯಿದ್ದರೆ ೧,೨೫೫ ಎಂಬುದು ಮುನ್ನೂರಹನ್ನೆರಡಕ್ಕೆ ಇಳಿಯಿತು. ಇನ್ನು, ಆಸನಗಳು ಬಂದವರ ಸರದಿಯಂತೆಯೇ ತುಂಬುವ ಕಡೆ, ಜೊತೆಯಾಗಿ ಸಾಲಿನಲ್ಲಿ ನಿಂತವರು ಜೊತೆಯಾಗಿ ಕುಳಿತರೆ ಆಶ್ಚರ್ಯವೇನು? ಅದನ್ನು ದೈವವೆಂದು ಕರೆಯುವುದು ದೈವಕ್ಕೆ ಮಾಡುವ ಅಪಚಾರ.

ಪಂದ್ಯ ಸಾಗಿದಂತೆ ಸ್ಥಿತಿ ಬದಲಾಗುವುದು. ಬಿಲ್ಲೆಗಳೆಲ್ಲ ತೀರಿದವನು ಎದ್ದುಹೋಗಬೇಕು. ಜನ ಕಡಮೆಯಾದಂತೆ ಮೇಜುಗಳನ್ನು ಒಂದೊಂದಾಗಿ ಮುರಿದು, ಅಲ್ಲಿದ್ದವರನ್ನು ಮತ್ತೆ ಚೀಟಿಯ ಮೂಲಕ ಬೇರೆ ಮೇಜುಗಳಿಗೆ ಕಳುಹಿಸುವರು. ತೊಂಬತ್ತು ಮಂದಿಯಿದ್ದಾಗ ಇಬ್ಬರು ಗೆಳೆಯರು ಜೊತೆಯಾಗುವ ಸಂಭವ ನೂರಕ್ಕೆ ಒಂಬತ್ತು. ಇಬ್ಬರೂ ಉಳಿದಿದ್ದು ಆಸನಗಳು ಹೊಸದಾಗಿ ಗೊತ್ತಾದರೆ, ನಲವತ್ತೈದು ಮಂದಿಯಿರುವಾಗ ಅದು ಹದಿನೆಂಟು; ಇಪ್ಪತ್ತೇಳಾದಾಗ ಮೂವತ್ತೊಂದು; ಹದಿನೆಂಟಾದಾಗ ನಲವತ್ತೇಳು; ಒಂಬತ್ತಾದಾಗ ಸಂಭವವೆಂಬ ಮಾತೇ ಇಲ್ಲ, ಮೇಜೇ ಒಂದು. ಗೆಲ್ಲಬೇಕೆಂದು ಹೊರಟ ಇಬ್ಬರು ಗೆಳೆಯರು ತಮಗೆ ತಿಳಿಯದೆಯೇ ಒಬ್ಬರಿಗೊಬ್ಬರು ಎದುರಾಗಬೇಕೆಂದೂ ಹಾರೈಸಿದ್ದಾರೆ. "ನಾವಿಬ್ಬರೂ ಕೊನೆಯವರೆಗೆ ಉಳಿಯೋಣ, ಆದರೆ ಎದುರಾಗುವುದು ಬೇಡ" ಎಂಬ ಹಾರೈಕೆಯನ್ನು ಯಾವ ಚೀಟಿಯೂ ಈಡೇರಿಸಲಾರದು. ಮೊದಲ ಮೇಜಿನಲ್ಲಿ ಭೇಟಿಯಾದರೆ ಅದು ಆಕಸ್ಮಿಕ. ಕೊನೆಯ ಮೇಜಿನಲ್ಲಿ ಭೇಟಿಯಾದರೆ ಅದು ಅವರಿಬ್ಬರ ಸಾಮರ್ಥ್ಯದ ಫಲವೂ ಹೌದು. ಧರ್ಮಸಂಕಟವೂ ಅಲ್ಲಿಯೇ ದೊಡ್ಡದು. ಬಹುಮಾನದ ದೊಡ್ಡ ಪಾಲು ಇರುವುದೂ ಅಲ್ಲಿಯೇ.

ಆಗ ಮಾಡತಕ್ಕದ್ದೇನು? ಪಂದ್ಯದ ನಿಯಮ ಸ್ಪಷ್ಟವಾಗಿದೆ: ಒಂದು ಕೈಗೆ ಒಬ್ಬನೇ ಆಟಗಾರ, ಪ್ರತಿಯೊಬ್ಬನೂ ತನ್ನ ಹಿತಕ್ಕಾಗಿಯೇ ಆಡತಕ್ಕದ್ದು, ಗೆಳೆಯನೆಂದು ಮೆತ್ತಗೆ ಆಡುವುದು ಅಪರಾಧ. ಇದನ್ನು ಕೇಳಿದ ಸಾಧುಸ್ವಭಾವದ ಮನುಷ್ಯನಿಗೆ ಕೆಡಕೆನ್ನಿಸಬಹುದು. ದಯೆಯನ್ನು ಅಪರಾಧವೆಂದು ಕರೆಯುವ ಶಾಸ್ತ್ರ ಎಂಥದು? ತನ್ನ ಎಲೆಗಳನ್ನು ತಾನು ಕೆಳಗಿಟ್ಟು ಗೆಳೆಯನನ್ನು ಉಳಿಸಿದರೆ ಮೂರನೆಯವನ ಗಂಟೇನು ಹೋಯಿತು?

ಹೋದ ಗಂಟನ್ನು ಎಣಿಸಿ ತೋರಿಸಬಹುದು. ಮೇಜಿನಲ್ಲಿ ಮೂವರು ಉಳಿದಿದ್ದಾರೆ: ಇಬ್ಬರು ಗೆಳೆಯರು, ಒಬ್ಬ ಅಪರಿಚಿತ. ಬಹುಮಾನಗಳು ಕ್ರಮವಾಗಿ ಐವತ್ತು, ಮೂವತ್ತು, ಇಪ್ಪತ್ತು ಸಾವಿರ ರೂಪಾಯಿ. ಹಿರಿಯ ಗೆಳೆಯನ ಮುಂದೆ ಬಿಲ್ಲೆಗಳ ರಾಶಿಯಿದೆ. ಕಿರಿಯನ ಬಳಿಯೂ ಅಪರಿಚಿತನ ಬಳಿಯೂ ಸ್ವಲ್ಪವೇ ಉಳಿದಿದೆ. ಕಿರಿಯನು ಕೆಟ್ಟ ಎಲೆಗಳನ್ನು ಹಿಡಿದು, ಹೆದರಿಸಿ ನೋಡೋಣವೆಂದು, ಇದ್ದುದೆಲ್ಲವನ್ನೂ ಒಡ್ಡುವನು. ಹಿರಿಯನ ಕೈಯಲ್ಲಿ ಬಲವಾದ ಎಲೆಗಳಿವೆ. ಎದುರಿಸಿದರೆ ಕಿರಿಯನು ಬಹುಮಟ್ಟಿಗೆ ಅಲ್ಲಿಗೆ ಮುಗಿದಂತೆ. ಗೆಳೆಯನ ಮುಖ ನೋಡಿ ಅವನಿಗೆ ಕರುಣೆ ಬರುವುದು, ಎಲೆಗಳನ್ನು ಕೆಳಗಿಡುವನು. ಎರಡು ಸುತ್ತು ಕಳೆದ ಮೇಲೆ ಅಪರಿಚಿತನು ಸೋತು ಇಪ್ಪತ್ತು ಸಾವಿರ ಎಣಿಸಿಕೊಂಡು ಹೊರಡುವನು. ಕಿರಿಯನು ಮೊದಲೇ ಹೋಗಿದ್ದರೆ ಅವನಿಗೆ ಮೂವತ್ತು ಸಾವಿರವಾದರೂ ಸಲ್ಲುತ್ತಿತ್ತು. ಹಿರಿಯನು ಗೆಳೆಯನಿಗೆ ದಾನ ಮಾಡಿದನೆಂಬುದೇನೋ ನಿಜ. ಆದರೆ ದಾನದ ಹತ್ತು ಸಾವಿರ ಬಂದದ್ದು ಅಪರಿಚಿತನ ಜೇಬಿನಿಂದ. ಅವನನ್ನು ಯಾರೂ ಕೇಳಲಿಲ್ಲ. ಅವನಿಗೆ ತಿಳಿಯಲೂ ಇಲ್ಲ.

ಇದೇ ಗೆಳೆಯರು ಮನೆಯ ಜಗಲಿಯಲ್ಲಿ, ಇಬ್ಬರೇ, ತಮ್ಮ ಹಣವನ್ನಿಟ್ಟು ಆಡುವಾಗ ಹಿರಿಯನು ಸೋತುಕೊಟ್ಟರೆ ಅದು ನಿಷ್ಕಳಂಕವಾದ ಔದಾರ್ಯ. ಪಂದ್ಯದ ಬಿಲ್ಲೆಗಳ ಸ್ವಭಾವವೇ ಬೇರೆ. ಅವನ್ನು ನಡುವೆ ಹಣಕ್ಕೆ ಬದಲಾಯಿಸಿಕೊಳ್ಳುವಂತಿಲ್ಲ. ಅವು ಮೇಜಿನಲ್ಲಿ ಉಳಿದಿರುವುದಕ್ಕೆ ಪಡೆದ ಹಕ್ಕುಪತ್ರಗಳು ಮಾತ್ರ. ಒಬ್ಬನು ಎದ್ದುಹೋದರೆ ಉಳಿದವರೆಲ್ಲರೂ ಒಂದೊಂದು ಮೆಟ್ಟಲು ಮೇಲೇರುವರು. ಹೀಗೆ ಎಲ್ಲರ ಪಾಲೂ ಒಂದರೊಡನೊಂದು ಹೆಣೆದುಕೊಂಡಿರುವ ಕಡೆ, "ನನ್ನ ಎಲೆ, ನನ್ನ ಇಷ್ಟ" ಎಂಬ ಮಾತು ನಿಲ್ಲುವುದಿಲ್ಲ.

ಒಂದು ಕೈಗೆ ಒಬ್ಬನೇ ಆಟಗಾರನೆಂಬ ನಿಯಮ ಅಮೆರಿಕದವರು ಮೊದಲು ಕಂಡುಹಿಡಿದುದೇನಲ್ಲ. ಹಸ್ತಿನಾವತಿಯ ದ್ಯೂತಸಭೆಯಲ್ಲಿ ಪಣವೊಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ವಿಷಮವಾಗಿ ತೋರುತ್ತದೆಯೆಂದು ಧರ್ಮರಾಯನು ಆಗಲೇ ಆಕ್ಷೇಪಿಸಿದನು. ಆಕ್ಷೇಪಿಸಿಯೂ ಕುಳಿತನು, ಆ ಕಥೆ ಎಲ್ಲರಿಗೂ ಗೊತ್ತು. ಶಕುನಿಯ ಕಪಟವನ್ನು ಕುರಿತು ಎಷ್ಟೋ ಚರ್ಚೆ ನಡೆದಿದೆ. ದಾಳಗಳು ನಿರ್ದುಷ್ಟವಾಗಿದ್ದವೆಂದೇ ಇಟ್ಟುಕೊಂಡರೂ, ಇಬ್ಬರ ಕೈ ಒಂದಾದುದರಿಂದಲೇ ಆಟ ಕೆಟ್ಟಿತ್ತೆಂಬ ಅಂಶಕ್ಕೆ ಅಷ್ಟು ಗಮನ ಸಂದಂತಿಲ್ಲ.

ಚದುರಂಗದಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ; ಅಲ್ಲಿಯೂ ಇದೇ ತೊಡಕು ಎದ್ದುದುಂಟು. ೧೯೬೨ರಲ್ಲಿ ಕುರಸಾವ್ ದ್ವೀಪದಲ್ಲಿ ನಡೆದ ಅರ್ಹತಾಪಂದ್ಯದಲ್ಲಿ ಸೋವಿಯತ್ ದೇಶದ ಪೆಟ್ರೋಸ್ಯಾನ್, ಕೆರೆಸ್, ಗೆಲ್ಲರ್ ಎಂಬ ಮೂವರು ತಮ್ಮತಮ್ಮೊಳಗೆ ಆಡಿದ ಹನ್ನೆರಡು ಆಟಗಳೂ ಸಮವಾದುವು. ಮೊದಲ ಮೂರು ಸ್ಥಾನಗಳು ಆ ಮೂವರಿಗೇ ದೊರೆತುವು. ನಾಲ್ಕನೆಯವನಾದ ಅಮೆರಿಕದ ಫಿಷರ್ ಇದು ಒಳಒಪ್ಪಂದವೆಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಆರೋಪಿಸಿದನು. ಮುಂದಿನ ಆವೃತ್ತಿಯಿಂದ ಅಂತರರಾಷ್ಟ್ರೀಯ ಸಂಸ್ಥೆಯು ಎಲ್ಲರೊಡನೆ ಎಲ್ಲರೂ ಆಡುವ ಪದ್ಧತಿಯನ್ನು ಬಿಟ್ಟು, ಇಬ್ಬಿಬ್ಬರ ನಡುವಣ ಸ್ಪರ್ಧೆಯನ್ನು ತಂದಿತು. ಆ ಮೂವರು ಶಕ್ತಿಯನ್ನು ಉಳಿಸಿಕೊಂಡರೇ ಹೊರತು ಯಾರನ್ನೂ ಮೋಸಗೊಳಿಸಲಿಲ್ಲವೆಂದು ವಾದಿಸಬಹುದು. ಆದರೆ ಉಳಿದವರು ಬೆವರು ಸುರಿಸುತ್ತಿದ್ದಾಗ ಆ ಮೂವರು ಆಗಾಗ ವಿಶ್ರಾಂತಿ ಪಡೆದರು. ವಿಶ್ರಾಂತಿಯೂ ಒಂದು ಪಣವೇ.

ಹಾಗಾದರೆ ಗೆಳೆಯರನ್ನು ಮೊದಲೇ ಬೇರ್ಪಡಿಸಿ ಕೂರಿಸಬಾರದೇಕೆ? ಪರೀಕ್ಷೆಯ ಕೊಠಡಿಯಲ್ಲಿ ಅಣ್ಣತಮ್ಮಂದಿರನ್ನು ದೂರದೂರ ಕೂರಿಸುವುದಿಲ್ಲವೆ? ಚದುರಂಗದ ಸಂಸ್ಥೆಯ ನಿಯಮಾವಳಿಯಲ್ಲಿರುವ ವರ್ಮಾ ಕೋಷ್ಟಕಗಳು ಇಂಥ ಉದ್ದೇಶಕ್ಕಾಗಿಯೇ ಆದುವು. ಒಂದೇ ದೇಶದ ಆಟಗಾರರು ಕೊನೆಯ ಸುತ್ತುಗಳಲ್ಲಿ ಎದುರಾಗದಂತೆ ಅವು ಚೀಟಿಗೆ ಕಟ್ಟು ಹಾಕುವುವು. ದೇಶವೇನೋ ಕಾಗದಪತ್ರದಿಂದ ತಿಳಿಯುವುದು. ಸ್ನೇಹಕ್ಕೆ ಕಾಗದವೆಲ್ಲಿಯದು? ಅದನ್ನು ವಿಚಾರಿಸಹೊರಟ ಅಧಿಕಾರಿ ತೊಂಬತ್ತು ಮಂದಿಯ ಹೃದಯಗಳನ್ನು ಶೋಧಿಸಬೇಕು. ಹೇಳಿಕೊಂಡ ಪ್ರಾಮಾಣಿಕರು ಬೇರೆಯಾಗುವರು. ಮುಚ್ಚಿಟ್ಟ ಕಪಟಿಗಳು ಜೊತೆಯಾಗುವರು. ಚೀಟಿಗೆ ಕಣ್ಣಿಲ್ಲ, ಕಿವಿಯಿಲ್ಲ. ಯಾರು ಯಾರ ಮನೆಯಲ್ಲಿ ಉಂಡರೆಂಬುದು ಅದಕ್ಕೆ ತಿಳಿಯದು. ಅದರ ನ್ಯಾಯವಿರುವುದೇ ಆ ಅಜ್ಞಾನದಲ್ಲಿ. ಎಲ್ಲವನ್ನೂ ತಿಳಿದು ನ್ಯಾಯ ಮಾಡುವ ಅಧಿಕಾರಿಗಿಂತ ಏನೂ ತಿಳಿಯದ ಚೀಟಿ ಮೇಲೆಂದು ಹೇಳುವುದು ಮನುಷ್ಯರ ಬುದ್ಧಿಗೆ ಅಷ್ಟು ಗೌರವದ ಮಾತಲ್ಲ, ಆದರೂ ಹೇಳಬೇಕಾಗಿದೆ.

ನಿಯಮಕ್ಕೆ ಸಿಕ್ಕದ ಇನ್ನೊಂದು ತೊಡಕು ಉಂಟು. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಹತ್ತು ವರ್ಷದ ಒಡನಾಟದಲ್ಲಿ ಒಬ್ಬ ಗೆಳೆಯನಿಗೆ ಇನ್ನೊಬ್ಬನ ಮುಖ ಪಾಠವಾಗಿಹೋಗಿರುವುದು. ಸುಳ್ಳು ಹೇಳುವಾಗ ಅವನ ಕೈ ಕಿವಿಯ ಕಡೆಗೆ ಹೋಗುವುದು, ಭಯವಾದಾಗ ಧ್ವನಿ ಒಂದು ಎಳೆ ಏರುವುದು, ಇವು ಅವನ ಹೆಂಡತಿಗೆ ತಿಳಿದಷ್ಟೇ ಗೆಳೆಯನಿಗೂ ತಿಳಿದಿರುತ್ತವೆ. ಪೋಕರಿನಲ್ಲಿ ಇಂಥ ಅರಿವೇ ಹಣ. ಸ್ನೇಹದಿಂದ ಬಂದ ಅರಿವನ್ನು ಸ್ನೇಹಿತನನ್ನು ಸೋಲಿಸಲು ಬಳಸುವುದು ವಿಶ್ವಾಸಘಾತವೆ?

ಇಲ್ಲಿ ಎರಡು ಬಗೆಯ ಅರಿವನ್ನು ವಿಂಗಡಿಸಬೇಕಾಗುವುದು. ಕಣ್ಣಿಗೆ ಬಿದ್ದುದು ಒಂದು. ನಂಬಿ ಹೇಳಿಕೊಂಡುದು ಇನ್ನೊಂದು. ಕಿವಿಯ ಕಡೆಗೆ ಹೋಗುವ ಕೈ ಅದೇ ಮೇಜಿನಲ್ಲಿ ಕುಳಿತ ಯಾರಿಗಾದರೂ, ಅವರು ಸಾಕಷ್ಟು ಹೊತ್ತು ನೋಡಿದರೆ, ಕಂಡೀತು. ಗೆಳೆಯನು ಮೊದಲೇ ಕಂಡಿದ್ದಾನೆ, ಅಷ್ಟೆ. ಅದನ್ನು ಬಳಸಿದರೆ ದೋಷವಿಲ್ಲ. ಬಳಸದಿದ್ದರೆ ಮೆತ್ತಗೆ ಆಡಿದಂತೆಯೇ ಆಯಿತು. ಆದರೆ ಒಂದು ರಾತ್ರಿ ಮನಸ್ಸು ಬಿಚ್ಚಿ, "ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಪ್ರವೇಶಧನ ಕಟ್ಟಿದ್ದೇನೆ, ಬಹುಮಾನದ ಸಾಲಿಗೆ ಬರುವವರೆಗೆ ನನಗೆ ಧೈರ್ಯವಿರದು" ಎಂದು ಅವನು ಹೇಳಿಕೊಂಡಿದ್ದರೆ? ಮಾರನೆಯ ದಿನ ಆ ಅಂಜಿಕೆಯನ್ನೇ ಗುರಿಯಿಟ್ಟು, ಪ್ರತಿ ಕೈಯಲ್ಲೂ ಪಣವೇರಿಸಿ ಅವನನ್ನು ಹಿಂಡುವುದು ನಿಯಮಕ್ಕೆ ವಿರುದ್ಧವಲ್ಲ. ಮನುಷ್ಯತ್ವಕ್ಕೆ ವಿರುದ್ಧವೆಂದು ಎದೆಯೊಳಗೊಂದು ದನಿ ಹೇಳುವುದು. ತೊಂದರೆಯೆಂದರೆ, ತಿಳಿದುದನ್ನು ತಿಳಿಯದಂತೆ ಮಾಡಿಕೊಳ್ಳಲು ಯಾವ ಮನಸ್ಸಿಗೂ ಬಾರದು. ಬಳಸಿದರೆ ಗೆಳೆಯನಿಗೆ ದ್ರೋಹ, ಬೇಕೆಂದೇ ಕೈಬಿಟ್ಟರೆ ಉಳಿದ ಏಳು ಮಂದಿಗೆ. ಇಂಥ ಗುಟ್ಟನ್ನು ಪಂದ್ಯದ ಮುನ್ನಾದಿನ ಎದುರಾಳಿಯಾಗಬಹುದಾದವನ ಕಿವಿಗೆ ಹಾಕಿದವನ ಮೇಲೂ ಒಂದು ಪಾಲು ಹೊಣೆಯಿದೆಯೆಂದು ಹೇಳಬಹುದು. ಹನ್ನೊಂದಕ್ಕೆ ಒಂದು ಎಂಬ ಲೆಕ್ಕ ಅವನಿಗೂ ಗೊತ್ತಿರಬೇಕಾಗಿತ್ತು. ಆದರೆ ಹೀಗೆ ಲೆಕ್ಕ ಹಾಕಿ ಮಾತಾಡುವವನನ್ನು ಗೆಳೆಯನೆಂದು ಯಾರು ಕರೆದಾರು?

ಪೋಕರಿನವರಲ್ಲಿ ಪಾಲು ಬದಲಿಸಿಕೊಳ್ಳುವ ರೂಢಿಯೊಂದುಂಟು. ಇಬ್ಬರು ಗೆಳೆಯರು ಮೊದಲೇ ಮಾತಾಡಿಕೊಂಡು, ಒಬ್ಬನ ಬಹುಮಾನದಲ್ಲಿ ನೂರಕ್ಕೆ ಐದನ್ನು ಇನ್ನೊಬ್ಬನಿಗೆ ಕೊಡುವುದೆಂದು ಒಪ್ಪುವರು. ಒಬ್ಬನಿಗೆ ಬರಿಗೈಯಾದರೂ ಇನ್ನೊಬ್ಬನಿಂದ ದಾರಿಯ ಖರ್ಚಾದರೂ ಹುಟ್ಟಲಿ ಎಂಬುದು ಇದರ ಭಾವ. ನೂರಕ್ಕೆ ಐದಾದರೆ ಇದು ಹಬ್ಬದ ಬಾಗಿನದಂತೆ. ತನ್ನ ತೊಂಬತ್ತೈದರ ಮುಂದೆ ಆ ಐದರ ಸೆಳೆತ ಅಲ್ಪ. ಐವತ್ತಾದರೆ ಇಬ್ಬರು ಒಬ್ಬನೇ ಆದಂತೆ. ದುರ್ಯೋಧನ ಶಕುನಿಯರ ಮಾತು ಮತ್ತೆ ಬರುವುದು. ಎಲ್ಲಿ ಗೆರೆ ಎಳೆಯಬೇಕೆಂಬುದು ವಿವಾದದ ವಿಷಯ. ಮೇಜಿನ ಉಳಿದವರ ಎದುರಿಗೆ ಹೇಳಲು ನಾಚಿಕೆಯಾಗುವಷ್ಟು ಪಾಲನ್ನು ಬದಲಿಸಿಕೊಂಡಿದ್ದರೆ ಗೆರೆ ಆಗಲೇ ದಾಟಿತೆಂದು ತಿಳಿಯಬಹುದು.

ಟೆನಿಸ್ ಆಟದಲ್ಲಿ ಅಕ್ಕತಂಗಿಯರಾದ ವೀನಸ್ ಮತ್ತು ಸೆರೀನಾ ವಿಲಿಯಮ್ಸರು ಈ ಸಂಕಟವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊತ್ತರು. ೧೯೯೮ರ ಆಸ್ಟ್ರೇಲಿಯಾ ಪಂದ್ಯದಲ್ಲಿ ಚೀಟಿಯು ಅವರನ್ನು ಎರಡನೆಯ ಸುತ್ತಿನಲ್ಲಿಯೇ ಎದುರಾಗಿಸಿತು, ಅಕ್ಕ ಗೆದ್ದಳು. ೨೦೦೧ರಲ್ಲಿ ಇಂಡಿಯನ್ ವೆಲ್ಸ್ ಎಂಬಲ್ಲಿ ಇಬ್ಬರೂ ಉಪಾಂತ್ಯದಲ್ಲಿ ಆಡಬೇಕಾಗಿತ್ತು. ಆಟಕ್ಕೆ ಸ್ವಲ್ಪ ಮುಂಚೆ ಅಕ್ಕನು ಮೊಣಕಾಲಿನ ನೋವೆಂದು ಹಿಂದೆಗೆದಳು. ಇದು ಮನೆಯೊಳಗಿನ ಏರ್ಪಾಡೆಂದು ಜನ ಗುಸುಗುಸು ಮಾತಾಡಿದರು. ಯಾರೂ ಅದನ್ನು ರುಜುವಾತು ಮಾಡಲಿಲ್ಲ. ಅಂತಿಮ ಆಟದ ದಿನ ಹತ್ತೊಂಬತ್ತು ವರ್ಷದ ತಂಗಿಯನ್ನು ಪ್ರೇಕ್ಷಕರು ಕೂಗಿ ಅವಮಾನಿಸಿದರು. ಅವಳು ಗೆದ್ದಳು, ಮತ್ತೆ ೨೦೧೫ರವರೆಗೆ ಆ ಊರಿಗೆ ಆಡಲು ಕಾಲಿಡಲಿಲ್ಲ. ಅಕ್ಕತಂಗಿಯರು ಒಟ್ಟು ಮೂವತ್ತೊಂದು ಸಲ ಎದುರಾದರು. ತಂಗಿ ಹತ್ತೊಂಬತ್ತು ಸಲ, ಅಕ್ಕ ಹನ್ನೆರಡು ಸಲ ಗೆದ್ದರು. ಇಬ್ಬರೂ ಜೊತೆಯಾಗಿ, ಬಲೆಯ ಒಂದೇ ಕಡೆ ನಿಂತು, ಒಲಿಂಪಿಕ್ ಚಿನ್ನವನ್ನು ಮೂರು ಸಲ ತಂದುದೂ ಉಂಟು.